ಅಸ್ಥಿಮಜ್ಜೆ ಕಸಿಯ ನಂತರದ ಭೇದಿ

ರಕ್ತದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡು ಗೌರಿಬಿದನೂರಿಗೆ ಮರಳಿದ ರೋಗಿಗೆ ಕೆಲವು ದಿನಗಳಲ್ಲೇ ಭೇದಿ ಶುರುವಾಯಿತೆನ್ನಿ. ಊಟದ ವ್ಯತ್ಯಾಸವಿರಬೇಕೆಂದು ಮಜ್ಜಿಗೆ ಕುಡಿಸಿ, ಅಂಗಡಿಯ ಮಾತ್ರೆ ಕೊಟ್ಟು ಕಾಯುವುದು ಸಹಜ. ಆದರೆ ಇಲ್ಲಿ ಕಾಯುವುದೇ ಅಪಾಯ. ಏಕೆಂದು ನೋಡೋಣ.

ಭಾರತದಲ್ಲಿ ಈ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ದಾನಿಯ ಮಜ್ಜೆಯೊಡನೆ ಅವರ ರಕ್ಷಣಾ ಕೋಶಗಳಾದ ಟಿ ಕೋಶಗಳೂ ರೋಗಿಯ ದೇಹವನ್ನು ಸೇರುತ್ತವೆ. ಉಳಿದಿರುವ ಕ್ಯಾನ್ಸರ್ ಕೋಶಗಳನ್ನು ಅವು ಕೊಲ್ಲುವುದರಿಂದ ಲಾಭವುಂಟು. ಆದರೆ ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ಚರ್ಮ, ಯಕೃತ್ತು ಮತ್ತು ಕರುಳಿನ ಮೇಲೆ ಎರಗುವುದೂ ಉಂಟು. ವೈದ್ಯರು ಇದನ್ನು ಜಿ.ವಿ.ಎಚ್.ಡಿ. ಎನ್ನುತ್ತಾರೆ.

ಕರುಳಿನ ಒಳಪದರ ಮೂರರಿಂದ ಐದು ದಿನಗಳಿಗೊಮ್ಮೆ ಹೊಸದಾಗುತ್ತದೆ. ಪದರದ ಸಣ್ಣ ಕುಳಿಗಳ ತಳದಲ್ಲಿರುವ ಆಕರಕೋಶಗಳು ಇದಕ್ಕೆ ಸಸಿಮಡಿ ಇದ್ದಂತೆ. ಕಸಿಗೆ ಮುನ್ನ ಕೊಡುವ ಪ್ರಬಲ ಔಷಧ ಅಥವಾ ವಿಕಿರಣದಿಂದ ಪದರ ಗಾಯಗೊಂಡಾಗ ಕರುಳಿನ ಬ್ಯಾಕ್ಟೀರಿಯಗಳ ಅಂಶ ಒಳನುಸುಳಿ, ಉರಿಯೂತ ಹೆಚ್ಚಿ, ಟಿ ಕೋಶಗಳು ಕೆರಳುತ್ತವೆ. ಅವು ಆಕರಕೋಶಗಳನ್ನೂ ಅವುಗಳಿಗೆ ಆಸರೆಯಾದ ಪನೆತ್ ಕೋಶಗಳನ್ನೂ ನಾಶಪಡಿಸುತ್ತವೆ. ಪೈರು ಹೋದರೆ ಮತ್ತೆ ನೆಡಬಹುದು. ಸಸಿಮಡಿಯೇ ಹೋದರೆ ನೆಡುವುದೇನನ್ನು? ಪದರ ಬೋಳಾಗಿ ನೀರು, ಪ್ರೋಟೀನು, ಕೆಲವೊಮ್ಮೆ ರಕ್ತವೂ ಸೋರುತ್ತದೆ.

ಹಸಿರು ಬಣ್ಣದ ನೀರುಭೇದಿ, ಹೊಟ್ಟೆನುಲಿತ, ವಾಕರಿಕೆ ಇದರ ಲಕ್ಷಣಗಳು. ಕಸಿಯಾದ ಮೊದಲ 100 ದಿನಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ, ಆಮೇಲೂ ಬರಬಹುದು. ವೈರಾಣು ಸೋಂಕಿನಲ್ಲೂ ಇದೇ ಲಕ್ಷಣಗಳಿರುವುದರಿಂದ ಮಲಪರೀಕ್ಷೆಯ ಜೊತೆಗೆ ಎಂಡೋಸ್ಕೋಪಿ ಮಾಡಿ ಪದರದ ಚೂರನ್ನು ಪರೀಕ್ಷಿಸಬೇಕಾಗುತ್ತದೆ. ಜಿ.ವಿ.ಎಚ್.ಡಿ.ಗೆ ರಕ್ಷಣಾ ಶಕ್ತಿಯನ್ನು ತಗ್ಗಿಸಬೇಕು. ಸೋಂಕಿದ್ದರೆ ಹಾಗೆ ತಗ್ಗಿಸುವುದೇ ಕೇಡು. ಊಹೆಯ ಚಿಕಿತ್ಸೆ ಸಲ್ಲದು.

ಮೊದಲ ಔಷಧ ಸ್ಟೀರಾಯ್ಡ್. ಅದಕ್ಕೆ ಬಗ್ಗದಿದ್ದರೆ ರುಕ್ಸೋಲಿಟಿನಿಬ್ ಇದೆ. ಅಮೆರಿಕ 2019ರಲ್ಲಿ ಇದಕ್ಕೆ ಅನುಮತಿ ನೀಡಿತು. ಬೇಗ ತಡೆದರೆ ಅಳಿದುಳಿದ ಆಕರಕೋಶಗಳಿಂದ ಪದರ ಮತ್ತೆ ಚಿಗುರುತ್ತದೆ.

ಆದ್ದರಿಂದ ಭೇದಿ ಎಷ್ಟು ಸಲ, ಎಷ್ಟು ಪ್ರಮಾಣದಲ್ಲಿ ಆಯಿತೆಂದು ಬರೆದಿಟ್ಟುಕೊಳ್ಳಿ. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಕಸಿ ಮಾಡಿದ ಆಸ್ಪತ್ರೆಗೆ ಅಂದೇ ಫೋನ್ ಮಾಡಿ. ರಕ್ತ ಕಂಡರೆ ಅಥವಾ ಜ್ವರ ಬಂದರೆ ಬೆಳಗಿನ ಬಸ್ಸಿಗೆ ಕಾಯದೆ ಕೂಡಲೇ ಹೊರಡಿ.