ಗ್ರಾಫಿಕ್ಸ್ ಕಾರ್ಡಿನ ತಂಪು: ಗುಣ, ಬಾಳಿಕೆ, ಬೆಲೆ

ದುಡಿಯುವ ಯಂತ್ರವೆಲ್ಲವೂ ಕಾಯುತ್ತದೆ; ಕಾದುದನ್ನು ತಣಿಸದಿದ್ದರೆ ಕೆಡುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಯ ಮೋಟರಿಗೆ ಸಲ್ಲುವ ಈ ಮಾತು ಶಾಲೆಯ ಗಣಕಯಂತ್ರಕ್ಕೂ ಸಲ್ಲುತ್ತದೆ. ಗಣಕದಲ್ಲಿ ಗ್ರಾಫಿಕ್ಸ್ ಕಾರ್ಡು ಇದ್ದರೆ ಸಾಮಾನ್ಯವಾಗಿ ಅತ್ಯಧಿಕ ಶಾಖವನ್ನು ಹೊಮ್ಮಿಸುವ ಅಂಗ ಅದೇ. ತೆರೆಯ ಮೇಲೆ ಚಿತ್ರವನ್ನು ಮೂಡಿಸುವುದು ಇದರ ಮೂಲಧರ್ಮ; ಈಚೆಗೆ ಕೃತಕ ಬುದ್ಧಿಮತ್ತೆಯ ಗಣನೆಗೂ ಇದೇ ಆಧಾರ. ಶಾಲೆಗಳಿಗೆ ಗಣಕಗಳನ್ನು ದಾನವೀಯುವ ಮಹನೀಯರು ಕಾರ್ಡಿನ ವೇಗವನ್ನು ವಿಚಾರಿಸುವುದುಂಟು. ತಂಪಿನ ವ್ಯವಸ್ಥೆಯನ್ನು ವಿಚಾರಿಸುವವರು ವಿರಳ. ಬಳ್ಳಾರಿಯ ಸೀಮೆಯಲ್ಲಿ ಮೊದಲು ವಿಚಾರಿಸಬೇಕಾದುದು ಎರಡನೆಯದನ್ನೇ.

ಶಾಖ ಹೊರಬೀಳುವ ಹಾದಿಯನ್ನು ಮೊದಲು ತಿಳಿಯೋಣ. ಕಾರ್ಡಿನ ನಡುವೆ ಸಿಲಿಕಾನಿನ ಒಂದು ಚಿಕ್ಕ ಚಿಪ್ಪು. ಅದರ ಮೇಲೆ ಶಾಖವಾಹಕ ಲೇಪ, ಲೇಪದ ಮೇಲೆ ತಾಮ್ರದ ಪೀಠ, ಪೀಠದಿಂದ ಹೊರಟ ಶಾಖನಳಿಕೆಗಳು, ನಳಿಕೆಗಳಿಗೆ ಪೋಣಿಸಿದ ಅಲ್ಯೂಮಿನಿಯಂ ತಗಡುಗಳು, ತಗಡುಗಳ ಮೇಲೆ ಗಾಳಿ ಬೀಸುವ ಪಂಖಗಳು. ಶಾಖನಳಿಕೆಯೊಳಗೆ ತುಸು ನೀರಿರುತ್ತದೆ. ಬಿಸಿಯಾದ ತುದಿಯಲ್ಲಿ ಅದು ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ನೀರಾಗಿ, ಒಳಗಿನ ಜಾಲರಿಯ ಮೂಲಕ ಹಿಂದಿರುಗುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ 1963ರಲ್ಲಿ ಈ ಸಾಧನವನ್ನು ರೂಢಿಗೆ ತಂದನು.

ಈ ಹಾದಿಯನ್ನು ನಮ್ಮ ತುಂಗಭದ್ರಾ ಕಾಲುವೆಗೆ ಹೋಲಿಸಬಹುದು. ಕಾಲುವೆಯಲ್ಲಿ ಎಲ್ಲಿ ಹೂಳು ತುಂಬಿದರೂ ನೀರು ಕೊನೆಯಂಚನ್ನು ಮುಟ್ಟದು. ಲೇಪವು ಒಣಗಿ ಬಿರಿದರೂ, ತಗಡುಗಳ ಸಂದಿನಲ್ಲಿ ಧೂಳು ಕಟ್ಟಿದರೂ ಶಾಖವು ಚಿಪ್ಪಿನಲ್ಲಿಯೇ ನಿಲ್ಲುತ್ತದೆ. ಆರಂಭದಲ್ಲಿ 133 ಟಿ.ಎಂ.ಸಿ. ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಹೂಳಿನಿಂದ 105 ಟಿ.ಎಂ.ಸಿ.ಯ ಆಸುಪಾಸಿಗೆ ಇಳಿದುದನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ದೇಶಗುಣದ ವಿಚಾರ. ತಂಪುಕಾರಕವು ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆಗಿಂತ ಎಷ್ಟು ಡಿಗ್ರಿ ಮೇಲೇರಬಹುದೆಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ. ಪೂರ್ಣಭಾರದಲ್ಲಿ 45 ಡಿಗ್ರಿ ಏರುವ ಸಾಧಾರಣ ಕಾರ್ಡೊಂದನ್ನು ಭಾವಿಸಿರಿ. ಕೋಣೆ 25 ಡಿಗ್ರಿಯಿದ್ದರೆ ಚಿಪ್ಪು 70ರಲ್ಲಿ ನಿಲ್ಲುತ್ತದೆ. ಕುರುಗೋಡಿನ ಹೆಬ್ಬಂಡೆಗಳು ಹಗಲು ಹೀರಿದ ಬಿಸಿಲನ್ನು ರಾತ್ರಿಯೂ ಉಗುಳುವ ಬೇಸಗೆಯಲ್ಲಿ ಕೋಣೆ 42 ಡಿಗ್ರಿಯಾದರೆ ಅದೇ ಚಿಪ್ಪು 87ಕ್ಕೆ ಏರುತ್ತದೆ. ಅನೇಕ ಕಾರ್ಡುಗಳು 83 ಡಿಗ್ರಿಯ ಸುಮಾರಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. 35 ಡಿಗ್ರಿ ಮಾತ್ರ ಏರುವ ಉತ್ತಮ ಕಾರ್ಡಾದರೋ ಅದೇ ಕೋಣೆಯಲ್ಲಿ 77ರಲ್ಲಿ ನಿಂತು ಕೆಲಸ ಮಾಡುತ್ತದೆ. ತಂಪು ನಾಡಿನ ಪರೀಕ್ಷಕರು ಬರೆದ ಪ್ರಶಂಸೆಯನ್ನು ನಾವು ಹದಿನೈದಿಪ್ಪತ್ತು ಡಿಗ್ರಿ ಕೂಡಿಸಿಕೊಂಡು ಓದಬೇಕು.

ಬಾಳಿಕೆಯು ಹಲವು ವೇಳೆ ಅಲ್ಪಬೆಲೆಯ ಭಾಗವನ್ನು ಅವಲಂಬಿಸಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದುದು ಸರಪಳಿಯ ಕೊಂಡಿ ಕಳಚಿದ್ದರಿಂದ. ಕಾರ್ಡಿನಲ್ಲಿ ಆ ಕೊಂಡಿಯ ಸ್ಥಾನ ಪಂಖದ ಬೇರಿಂಗಿನದು. ಅಗ್ಗದ ಸ್ಲೀವ್ ಬೇರಿಂಗಿನ ಎಣ್ಣೆ ಕಾವಿಗೆ ಬೇಗ ಒಣಗುತ್ತದೆ. ಬಾಲ್ ಬೇರಿಂಗ್ ತುಸು ಸದ್ದು ಮಾಡಿದರೂ ಕಾವನ್ನು ಹೆಚ್ಚು ಕಾಲ ತಾಳುತ್ತದೆ. ವಿದ್ಯುತ್ತನ್ನು ಹದಗೊಳಿಸುವ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುವುದೆಂಬುದು ತಂತ್ರಜ್ಞರ ಲೆಕ್ಕ.

ಬೆಲೆ ಹೆಚ್ಚಾದ ಮಾತ್ರಕ್ಕೆ ಭರವಸೆ ಹೆಚ್ಚೆಂದೂ ಹೇಳಲಾಗದು. 2022ರ ಡಿಸೆಂಬರಿನಲ್ಲಿ 999 ಡಾಲರಿಗೆ ಮಾರಾಟಕ್ಕೆ ಬಂದ ಎಎಂಡಿ ಸಂಸ್ಥೆಯ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳಲ್ಲಿ ಕೆಲವು 110 ಡಿಗ್ರಿಗೆ ಕಾದವು. ಶಾಖವನ್ನು ಒಯ್ಯುವ ಆವಿಪೆಟ್ಟಿಗೆಯಲ್ಲಿ ಸಾಕಷ್ಟು ನೀರು ತುಂಬಿರಲಿಲ್ಲವೆಂದು 2023ರ ಜನವರಿಯಲ್ಲಿ ಸಂಸ್ಥೆಯೇ ಒಪ್ಪಿಕೊಂಡಿತು. ಅದಕ್ಕೂ ಮೊದಲು, 2008ರ ಜುಲೈಯಲ್ಲಿ, ಲ್ಯಾಪ್‌ಟಾಪುಗಳಲ್ಲಿನ ತನ್ನ ಚಿಪ್ಪುಗಳು ಕೆಟ್ಟುದಕ್ಕಾಗಿ ಎನ್‌ವಿಡಿಯಾ ಸಂಸ್ಥೆಯು 15ರಿಂದ 20 ಕೋಟಿ ಡಾಲರನ್ನು ತೆಗೆದಿರಿಸಬೇಕಾಯಿತು. ಕಾದು ಆರಿ, ಮತ್ತೆ ಕಾದು ಆರಿ, ದುರ್ಬಲವಾಗಿದ್ದ ಬೆಸುಗೆಗಳು ಬಿರಿದಿದ್ದವು.

ಹಾಗಾದರೆ ಕೊಳ್ಳುವವರು ಎಷ್ಟು ಹಣ ತೆರಬೇಕು? ಒಂದೇ ಚಿಪ್ಪನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ತಂಪುಕಾರಕಗಳೊಡನೆ ಮಾರುತ್ತಾರೆ. ಸಣ್ಣ ತಗಡು, ಒಂದು ಪಂಖವುಳ್ಳದ್ದು ಅಗ್ಗ. ಶಾಖನಳಿಕೆ, ಎರಡು ದೊಡ್ಡ ಪಂಖಗಳುಳ್ಳದ್ದು ಮಧ್ಯಮ. ಮೂರು ಪಂಖ, ಬಣ್ಣದ ದೀಪಗಳುಳ್ಳದ್ದು ದುಬಾರಿ. ಮೊದಲನೆಯದರಿಂದ ಎರಡನೆಯದಕ್ಕೆ ಏರುವಾಗ ಕೊಟ್ಟ ಹಣಕ್ಕೆ ತಂಪೂ ನಿಶ್ಶಬ್ದವೂ ಬಾಳಿಕೆಯೂ ದೊರೆಯುತ್ತವೆ. ಎರಡನೆಯದರಿಂದ ಮೂರನೆಯದಕ್ಕೆ ಏರುವಾಗ ಹಣದ ಬಹುಭಾಗ ಅಲಂಕಾರಕ್ಕೆ ಸಲ್ಲುತ್ತದೆ. 75 ವ್ಯಾಟಿನೊಳಗಿನ ಕಾರ್ಡಿಗೆ ಸಾಧಾರಣ ತಂಪುಕಾರಕವೇ ಸಾಕು. 575 ವ್ಯಾಟಿನ ಆರ್‌ಟಿಎಕ್ಸ್ 5090ರಂಥದಕ್ಕೆ ಎಷ್ಟಿದ್ದರೂ ಸಾಲದು. ಬೆರಳಚ್ಚು, ಲೆಕ್ಕಪತ್ರಗಳಷ್ಟೇ ನಡೆಯುವ ಕೊಠಡಿಗೆ ಪ್ರತ್ಯೇಕ ಕಾರ್ಡೇ ಬೇಡ. ಗಣಕದ ಪ್ರೊಸೆಸರಿನಲ್ಲಿಯೇ ಅಡಕವಾದ ಚಿತ್ರಶಕ್ತಿಯು ಆ ಕೆಲಸಕ್ಕೆ ಸಾಕು.

ಮಧ್ಯಮ ಕಾರ್ಡನ್ನು ಕೊಂಡು ಉಳಿಸಿದ ಹಣವನ್ನು ಆರೈಕೆಗೆ ಮೀಸಲಿಡುವುದು ಲೇಸು. ಪೆಟ್ಟಿಗೆಗೆ ಧೂಳುಜಾಲರಿ ಇರಲಿ. ಬೇಸಗೆಗೆ ಮುನ್ನ ಒಮ್ಮೆ, ಸುಗ್ಗಿಯ ಹೊಟ್ಟಿನ ಧೂಳು ಅಡಗಿದ ಮೇಲೆ ಒಮ್ಮೆ ಶುಚಿಗೊಳಿಸಬೇಕು. ಗಾಳಿ ಊದುವಾಗ ಪಂಖವನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಅತಿವೇಗದಿಂದ ತಿರುಗಿ ಬೇರಿಂಗ್ ಸವೆಯುತ್ತದೆ. ತಂತ್ರಾಂಶದಲ್ಲಿ ಶಕ್ತಿಯ ಮಿತಿಯನ್ನು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ತಗ್ಗಿಸಿದರೆ ವೇಗ ಸ್ವಲ್ಪವೇ ಕುಗ್ಗಿ ಕಾವು ಗಣನೀಯವಾಗಿ ಇಳಿಯುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ದಾನಿಗಳಲ್ಲಿ ನಮ್ಮ ಅರಿಕೆ ಇಷ್ಟೇ. ಅಂಗಡಿಯಲ್ಲಿ ವೇಗವನ್ನು ಕೇಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಪಂಖದ ಬೇರಿಂಗ್ ಯಾವ ಬಗೆಯದು? ಪಂಖವನ್ನು ಬಿಚ್ಚಿ ಬೇರೆ ಹಾಕಬಹುದೇ? ಖಾತರಿ ಎಷ್ಟು ವರ್ಷ? ದುರಸ್ತಿಯ ಕೇಂದ್ರ ಎಲ್ಲಿದೆ? ದಾನಿಯ ಹೆಸರಿನ ಫಲಕ ಗೋಡೆಯ ಮೇಲೆ ಉಳಿದು, ದಾನದ ವಸ್ತು ಎರಡೇ ಬೇಸಗೆಗಳಲ್ಲಿ ಕಪಾಟನ್ನು ಸೇರಬಾರದು. ಅದು ಮಕ್ಕಳ ಕೈಕೆಳಗೆ ದುಡಿಯುತ್ತಿರಬೇಕು.