ರೆಂಡರ್ ನಡುವೆ ಆಫ್ ಆಗುವ ಕಂಪ್ಯೂಟರ್: 360 ವ್ಯಾಟ್‌ನ ಲೆಕ್ಕ

ಮನೆಯ ಕಂಪ್ಯೂಟರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಕೊಳ್ಳುವುದು 600 ವಿಎ ಯುಪಿಎಸ್. ಅಂಥ ಯುಪಿಎಸ್‌ನ ಹಿಂಬದಿಯ ಚೀಟಿ ಓದಿದರೆ ಅಲ್ಲಿ ಹೆಚ್ಚಾಗಿ ಇನ್ನೊಂದು ಸಂಖ್ಯೆಯೂ ಇರುತ್ತದೆ: 360 ವ್ಯಾಟ್. ಅಂಗಡಿಯಲ್ಲಿ ಹೇಳುವುದು 600, ಕಂಪ್ಯೂಟರಿಗೆ ಸಿಗುವುದು 360. 3ಡಿ ಅನಿಮೇಷನ್ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ರೆಂಡರ್‌ಗೆ ಹಾಕಿ ಮಲಗಿದವರು ಬೆಳಗ್ಗೆ ಎದ್ದು ಕಪ್ಪು ಪರದೆ ನೋಡಿ, ಗ್ರಾಫಿಕ್ಸ್ ಕಾರ್ಡೇ ಕೆಟ್ಟಿತೆಂದು ಬಗೆದು ₹25,000ಕ್ಕೂ ಮಿಕ್ಕಿ ಹೊಸ ಕಾರ್ಡಿಗೆ ಸುರಿಯುವ ಮೊದಲು ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಲೆಕ್ಕ ಹಾಕಬೇಕು.

ಅನಿಮೇಷನ್ ಕಲಿಯುವ ಹುಡುಗರು ಹೆಚ್ಚಾಗಿ ಜೋಡಿಸಿಕೊಳ್ಳುವಂಥ ಒಂದು ಯಂತ್ರವನ್ನೇ ತೆಗೆದುಕೊಳ್ಳೋಣ. ಆರ್‌ಟಿಎಕ್ಸ್ 3060 ಕಾರ್ಡು 170 ವ್ಯಾಟ್ ಎಳೆಯುತ್ತದೆ. ರೈಜೆನ್ 5 5600 ಪ್ರೊಸೆಸರಿನ ಡಬ್ಬಿಯ ಮೇಲೆ 65 ವ್ಯಾಟ್ ಎಂದಿದ್ದರೂ ಪೂರ್ತಿ ದುಡಿಸಿದಾಗ ಅದು 76 ವ್ಯಾಟ್‌ವರೆಗೆ ಹೋಗುತ್ತದೆ. ಮದರ್‌ಬೋರ್ಡು, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ ಒಟ್ಟು 50 ಇಡೋಣ. ಮೊತ್ತ 296. ಆದರೆ ಕಂಪ್ಯೂಟರಿನೊಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ತನ್ನೊಳಗೇ ಒಂದಿಷ್ಟು ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ಅದರ ದಕ್ಷತೆ 85% ಎಂದು ಹಿಡಿದರೆ ಯುಪಿಎಸ್‌ನಿಂದ ಎಳೆಯುವುದು 348 ವ್ಯಾಟ್. ಅದೇ ಯುಪಿಎಸ್‌ಗೆ ಸಿಕ್ಕಿಸಿದ ಮಾನಿಟರಿನ 30 ಸೇರಿದರೆ 378. ಗಡಿ ದಾಟಿದ್ದು 18 ವ್ಯಾಟ್, ಅಂದರೆ ಬರೀ 5%.

ಈ 5% ಬಲು ಮೋಸದ ಅಂಕಿ. ಮೇನ್ಸ್ ಕರೆಂಟು ಇರುವಷ್ಟು ಹೊತ್ತು ಕೆಲವು ಯುಪಿಎಸ್‌ಗಳು ಇಷ್ಟು ಹೆಚ್ಚುವರಿ ಭಾರವನ್ನು ಬೀಪ್ ಹೊಡೆಯುತ್ತಲೇ ಸಹಿಸುತ್ತವೆ. ಕರೆಂಟು ಒಂದು ಕ್ಷಣ ಕಣ್ಣು ಮಿಟುಕಿಸಿ ಭಾರವೆಲ್ಲ ಬ್ಯಾಟರಿಯ ಮೇಲೆ ಬಿದ್ದಾಗ ಕೈಬಿಡುತ್ತವೆ. ಹೀಗಾಗಿ ಒಂದು ರಾತ್ರಿ ರೆಂಡರ್ ಸಲೀಸಾಗಿ ಮುಗಿಯುತ್ತದೆ, ಮರುರಾತ್ರಿ ಅದೇ ಫೈಲಿಗೆ ಕಂಪ್ಯೂಟರ್ ಆಫ್ ಆಗುತ್ತದೆ. ಇಂಥ ಯುಪಿಎಸ್‌ನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನದು. ಗುಣಿಸಿದರೆ 84 ವ್ಯಾಟ್-ಅವರ್. ಇಷ್ಟು ಜೋರಾಗಿ ಎಳೆದಾಗ ಅಷ್ಟೂ ಕೈಗೆ ಸಿಗುವುದಿಲ್ಲ. ಹಳೆಯ ಬ್ಯಾಟರಿಯಾದರೆ ನಿಮಿಷವೂ ನಿಲ್ಲದಿರಬಹುದು.

ಗಂಟೆಗಟ್ಟಲೆ ಗೇಮ್ ಆಡಿದರೂ ಆಗದ್ದು ರೆಂಡರ್‌ನಲ್ಲೇ ಏಕೆ? ಗೇಮಿನಲ್ಲಿ ಹೊರೆ ಏರಿಳಿಯುತ್ತದೆ, ಕಾರ್ಡು ಮತ್ತು ಪ್ರೊಸೆಸರ್ ಎರಡೂ ಒಟ್ಟಿಗೆ ತುದಿ ಮುಟ್ಟುವುದು ಅಪರೂಪ. ಬ್ಲೆಂಡರ್‌ನ ಸೈಕಲ್ಸ್ ರೆಂಡರ್ ಎಂಜಿನ್‌ನಲ್ಲಿ ಕಾರ್ಡಿನ ಜೊತೆ ಪ್ರೊಸೆಸರಿಗೂ ಟಿಕ್ ಹಾಕಿದ್ದರೆ ಎರಡೂ ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯುತ್ತವೆ. ಆ ಟಿಕ್ ತೆಗೆದು ನೋಡಿ: ಪ್ರೊಸೆಸರಿಗೆ 30 ವ್ಯಾಟ್ ಸಾಕೆಂದು ಇಟ್ಟರೆ ಒಳಗಿನ ಮೊತ್ತ 250, ಯುಪಿಎಸ್ ಮೇಲಿನ ಭಾರ ಮಾನಿಟರ್ ಸೇರಿ 324. ಖರ್ಚು ಸೊನ್ನೆ. ಮಾನಿಟರನ್ನು ಬೇರೆ ಸಾಕೆಟ್ಟಿಗೆ ಹಾಕಿದರೆ ಇನ್ನೂ 30 ಇಳಿಯುತ್ತದೆ. ಎನ್‌ವಿಡಿಯಾ ಕಾರ್ಡಿನ ಪವರ್ ಲಿಮಿಟ್ಟನ್ನು 170ರಿಂದ 130ಕ್ಕೆ ಇಳಿಸಿದರೆ ಯುಪಿಎಸ್ ಮೇಲೆ 47 ವ್ಯಾಟ್ ಉಳಿತಾಯ. ರೆಂಡರ್ ಸ್ವಲ್ಪ ನಿಧಾನವಾಗುತ್ತದೆ, ಆದರೆ ವಿದ್ಯುತ್ ಇಳಿದಷ್ಟು ಪ್ರಮಾಣದಲ್ಲಿ ವೇಗ ಇಳಿಯುವುದಿಲ್ಲ. ನನ್ನ ಮಟ್ಟಿಗೆ ಯಾರೇ ಆಗಲಿ ಮೊದಲು ಮಾಡಬೇಕಾದ್ದು ಈ ಮೂರು ಕೆಲಸಗಳನ್ನೇ.

ಆಫ್ ಆದಾಗ ಯುಪಿಎಸ್‌ನ ದೀಪವೂ ಆರಿತ್ತೇ ಎಂದು ಗಮನಿಸಿ. ಆರಿದ್ದರೆ ಮೇಲಿನ ಲೆಕ್ಕ ನಿಮಗೇ. ದೀಪ ಉರಿಯುತ್ತಿದ್ದು ಕಂಪ್ಯೂಟರ್ ಮಾತ್ರ ಸತ್ತಿದ್ದರೆ, ಪವರ್ ಬಟನ್ ಒತ್ತಿದರೂ ಏಳದೆ ಹಿಂದಿನ ಸ್ವಿಚ್ಚನ್ನು ಆಫ್-ಆನ್ ಮಾಡಿದ ಮೇಲಷ್ಟೇ ಎದ್ದರೆ, ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಬಾಗಿಲು ಹಾಕಿಕೊಂಡಿದೆ ಎಂದು ಶಂಕಿಸಬಹುದು. ಅದರ ಚೀಟಿಯಲ್ಲಿ ದೊಡ್ಡ ಅಕ್ಷರದ 450 ವ್ಯಾಟ್ ಓದಿ ಸಮಾಧಾನಪಡಬೇಡಿ. 12 ವೋಲ್ಟ್‌ನ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಅಲ್ಲಿ 18 ಎಂದಿದ್ದರೆ ಸಿಗುವುದು 216 ವ್ಯಾಟ್. ನಮ್ಮ ಯಂತ್ರದ ಕಾರ್ಡು, ಪ್ರೊಸೆಸರ್ ಎರಡೇ 246 ಕೇಳುತ್ತವೆ, ಅದೂ ಬಹುತೇಕ 12 ವೋಲ್ಟ್ ಲೈನಿನಿಂದಲೇ. 3060ಕ್ಕೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್; 320 ವ್ಯಾಟ್‌ನ 3080ಕ್ಕೆ 750. ದೊಡ್ಡ ಕಾರ್ಡುಗಳು ಕ್ಷಣಮಾತ್ರ ತಮ್ಮ ಸರಾಸರಿಯನ್ನು ಬಹಳ ಮೀರಿ ಎಳೆಯುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಈ ಎಳೆತಗಳನ್ನು ಎಣಿಕೆಗೆ ತೆಗೆದುಕೊಂಡು, ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೊಸೆಕೆಂಡ್ ಕಾಲ ತಮ್ಮ ಸಾಮರ್ಥ್ಯದ 200% ತಾಳಬೇಕೆಂದಿತು. ಒಳ್ಳೆಯ 650 ವ್ಯಾಟ್‌ನದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ₹5,000 ಆಸುಪಾಸು ಇಟ್ಟುಕೊಳ್ಳಿ. ಇದರಲ್ಲಿ ₹2,000 ಉಳಿಸಲು ಹೋಗುವುದು ಸಲ್ಲದು.

ಬಿಸಿಯ ಅನುಮಾನ ಎಲ್ಲರಿಗೂ ಮೊದಲು ಬರುತ್ತದೆ, ಆದರೆ ಅದನ್ನು ತೀರಿಸಿಕೊಳ್ಳುವುದು ಸುಲಭ. 5600ರ ಗರಿಷ್ಠ ತಾಪ 90 ಡಿಗ್ರಿ. ಆ ಗಡಿ ಸಮೀಪಿಸಿದಾಗ ಪ್ರೊಸೆಸರ್ ಮೊದಲು ವೇಗ ತಗ್ಗಿಸುತ್ತದೆ, ಕೈಮೀರಿದಾಗಷ್ಟೇ ಆಫ್ ಮಾಡುತ್ತದೆ. ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ತಾಪವನ್ನು ಫೈಲಿಗೆ ಬರೆಸಿ. ಕೊನೆಯ ಸಾಲಿನಲ್ಲಿ 70 ಡಿಗ್ರಿ ಇದ್ದರೆ ಬಿಸಿಯ ಮಾತು ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. 90ರ ಹತ್ತಿರ ಇದ್ದರೆ ಧೂಳು ತೆಗೆದು ಥರ್ಮಲ್ ಪೇಸ್ಟ್ ಬದಲಿಸಿ, ಕೆಲವು ನೂರು ರೂಪಾಯಿಗಳ ಬಾಬತ್ತು. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆಯನ್ನೂ ತೆರೆದು ನೋಡಿ. ಅದರೊಳಗಿನ ಬಗ್‌ಚೆಕ್ ಕೋಡ್ 0 ಇದ್ದರೆ ಹೆಚ್ಚಾಗಿ ಕರೆಂಟೇ ಹಠಾತ್ತನೆ ಕಡಿದಿದೆ. 278 ಇದ್ದರೆ ಅದು ಗ್ರಾಫಿಕ್ಸ್ ಡ್ರೈವರಿನ ತಕರಾರು. ಡ್ರೈವರ್ ಬದಲಿಸಿಯೂ ಹೋಗದಿದ್ದರೆ ಆಗ ಕಾರ್ಡನ್ನು ಶಂಕಿಸಿ.

ಯುಪಿಎಸ್ ಬದಲಿಸಲೇಬೇಕೆಂದಾದರೆ 600ಕ್ಕೆ 360 ಎಂಬ ಅದೇ 0.6ರ ಲೆಕ್ಕದಲ್ಲಿ 1100 ವಿಎ ಕೊಡುವುದು 660 ವ್ಯಾಟ್. ನಮ್ಮ 378 ಅದರ 57%. ಬೆಲೆ ಅಂದಾಜು ₹5,000ದಿಂದ ₹7,000.

ವಿದ್ಯುತ್ ಬಿಲ್ಲು ಇಲ್ಲಿ ಅಂಥ ದೊಡ್ಡ ವಿಷಯವಲ್ಲ. ಯೂನಿಟ್ಟಿಗೆ ₹6 ಎಂದು ಹಿಡಿದರೆ 378 ವ್ಯಾಟ್‌ನಲ್ಲಿ 8 ಗಂಟೆಗೆ 3 ಯೂನಿಟ್, ₹18. ನಿಜವಾದ ನಷ್ಟ ಹೊತ್ತಿನದು. ಸೆಕೆಂಡಿಗೆ 24 ಫ್ರೇಮಿನಂತೆ 10 ಸೆಕೆಂಡಿನ ತುಣುಕಿಗೆ 240 ಫ್ರೇಮು. ಒಂದಕ್ಕೆ 4 ನಿಮಿಷವಾದರೆ 16 ಗಂಟೆ. ನೇರ ವಿಡಿಯೊ ಫೈಲಿಗೇ ರೆಂಡರ್ ಹಾಕಿದ್ದು 200 ಫ್ರೇಮು ಮುಗಿದ ಮೇಲೆ ಕರೆಂಟು ಕಡಿದರೆ, ಫೈಲು ತೆರೆಯದೇ ಹೋಗಿ 13 ಗಂಟೆ 20 ನಿಮಿಷದ ಕೆಲಸ ಮಣ್ಣುಪಾಲಾಗಬಹುದು. ಪ್ರತಿ ಫ್ರೇಮನ್ನು ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ ಬರೆಸಿದ್ದರೆ ಹೋಗುವುದು ಹೆಚ್ಚೆಂದರೆ 4 ನಿಮಿಷ. ಅರ್ಧಕ್ಕೆ ನಿಂತ ಕೊನೆಯ ಚಿತ್ರವಿದ್ದರೆ ಅಳಿಸಿ, ಔಟ್‌ಪುಟ್‌ನ ಓವರ್‌ರೈಟ್ ಟಿಕ್ ತೆಗೆದು ಮತ್ತೆ ರೆಂಡರ್ ಒತ್ತಿದರೆ, ಬ್ಲೆಂಡರ್ ಆಗಲೇ ಇರುವ ಚಿತ್ರಗಳನ್ನು ಬಿಟ್ಟು 201ರಿಂದ ಮುಂದುವರಿಯುತ್ತದೆ.