ಕರೆಂಟು ಕಡಿದಾಗ ಹುಟ್ಟುವ ಕಿಡಿ

ತಿಂಗಳುಗಟ್ಟಲೆ ಲೇತಿನ ಮುಂದೆ ನಿಂತು ಅಂಗೈಯಗಲದ ಪೆಟ್ರೋಲ್ ಎಂಜಿನ್ ಕಡೆದು ನಿಲ್ಲಿಸಿದವರು ಕೊನೆಗೆ ಮುಗ್ಗರಿಸುವುದು ಒಂದೇ ಕಡೆ. ಪಿಸ್ಟನ್ ನುಣ್ಣಗೆ ಜಾರುತ್ತದೆ, ವಾಲ್ವುಗಳು ಬಿಗಿಯಾಗಿ ಕೂರುತ್ತವೆ, ಕಂಪ್ರೆಷನ್ನೂ ಬರುತ್ತದೆ. ಕಿಡಿ ಮಾತ್ರ ಇಲ್ಲ. ಕೈಯಲ್ಲಿರುವುದು 12 ವೋಲ್ಟಿನ ಬ್ಯಾಟರಿ; ಪ್ಲಗ್ಗಿನ ತುದಿಗೆ ಬೇಕಾದದ್ದು ಸಾವಿರಗಟ್ಟಲೆ ವೋಲ್ಟ್.

ಇದಕ್ಕೆ ಒಪ್ಪವಾದ ಉಪಾಯ ಸಿದ್ಧವಾದದ್ದು ಒಂದು ಕೊಟ್ಟಿಗೆಯಲ್ಲಿ. ಅಮೆರಿಕದ ಡೇಟನ್ ಊರಿನಲ್ಲಿ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್, ಗೆಳೆಯ ಎಡ್ವರ್ಡ್ ಡೀಡ್ಸ್ ಅವರ ಮನೆಯ ಕೊಟ್ಟಿಗೆಯಲ್ಲಿ ಬಿಡುವಿನ ವೇಳೆ ಕೆಲಸ ಮಾಡಿ ಅದನ್ನು ಜೋಡಿಸಿದರು. 1910ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಅದು ಹತ್ತಿತು. ಆ ಕಾಲದ ಫೋರ್ಡ್ ಮಾಡೆಲ್ ಟಿಯಲ್ಲಿ ಸಿಲಿಂಡರಿಗೊಂದರಂತೆ ನಾಲ್ಕು ಮರದ ಪೆಟ್ಟಿಗೆಗಳಿದ್ದವು. ಅವುಗಳೊಳಗಿನ ಕಾಯಿಲುಗಳು ಗುಂಯ್‌ಗುಡುತ್ತ ಕಿಡಿಗಳ ಸರವನ್ನೇ ಹಾರಿಸುತ್ತಿದ್ದವು. ಕೆಟರಿಂಗ್ ವ್ಯವಸ್ಥೆ ಕೊಟ್ಟದ್ದು ಒಂದೇ ಕಿಡಿ, ಅದೂ ಹೇಳಿದ ಗಳಿಗೆಗೆ.

ಕಾಯಿಲಿಗೆ ಕರೆಂಟು ಕೊಟ್ಟರೆ ಕಿಡಿ ಹಾರುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ನಡೆಯುವುದು ತಿರುಗುಮುರುಗು. ಕರೆಂಟನ್ನು ಹರಿಸಿ ಕಡಿಯುವ ಸ್ವಿಚ್ಚೇ ಪಾಯಿಂಟ್. ಅದು ಮುಚ್ಚಿದ್ದಾಗ ಕಾಯಿಲಿನ ದಪ್ಪ ತಂತಿಯ ಸುತ್ತುಗಳಲ್ಲಿ ಮೂರು ನಾಲ್ಕು ಆಂಪಿಯರ್ ಹರಿದು, ನಡುವಿನ ಕಬ್ಬಿಣದಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ಕ್ಯಾಮ್ ತಿರುಗಿ ಪಾಯಿಂಟನ್ನು ತೆರೆದ ಕ್ಷಣ ಕರೆಂಟು ಕಡಿಯುತ್ತದೆ, ಕಾಂತಕ್ಷೇತ್ರ ಕುಸಿಯುತ್ತದೆ. ಫ್ಯಾರಡೆ 1831ರಲ್ಲಿ ಕಂಡದ್ದು ಇದನ್ನೇ: ಕಾಂತಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಹೆಚ್ಚು ವೋಲ್ಟೇಜ್. ದಪ್ಪ ತಂತಿಯಲ್ಲೇ ಇನ್ನೂರು ಮುನ್ನೂರು ವೋಲ್ಟ್ ಜಿಗಿಯುತ್ತದೆ. ಅದರ ನೂರು ಪಟ್ಟು ಸುತ್ತುಗಳಿರುವ ಕೂದಲೆಳೆಯಂಥ ತಂತಿಯಲ್ಲಿ ಅದು ಇಪ್ಪತ್ತು ಸಾವಿರ ದಾಟಬಲ್ಲದು.

ಇಲ್ಲೇ ಕಂಡೆನ್ಸರಿನ ಮಹತ್ವ. ಬೆರಳುದ್ದದ ಆ ಡಬ್ಬಿಯನ್ನು ಬಿಟ್ಟರೂ ನಡೆದೀತು ಎಂದು ಹಲವರಿಗೆ ಅನಿಸುತ್ತದೆ, ಬಿಡಲೇಬಾರದು. ಅದಿಲ್ಲದಿದ್ದರೆ ಪಾಯಿಂಟು ತೆರೆಯುವಾಗ ಕರೆಂಟು ಅಲ್ಲೇ ಕಿಡಿಯಾಗಿ ಹಾರಿ ಹರಿಯುತ್ತಲೇ ಇರುತ್ತದೆ. ಪಾಯಿಂಟು ಸುಟ್ಟು ಕಪ್ಪಾಗುತ್ತದೆ, ಪ್ಲಗ್ಗಿಗೆ ತಲುಪುವುದು ಬಡಕಲು ಕಿಡಿ. ಸುಮಾರು 0.2 ಮೈಕ್ರೋಫ್ಯಾರಡ್ಡಿನ ಕಂಡೆನ್ಸರ್ ಪಾಯಿಂಟಿಗೆ ಅಡ್ಡವಾಗಿ ನಿಂತು ಆ ಕರೆಂಟನ್ನು ತಾನು ಹೀರಿಕೊಳ್ಳುತ್ತದೆ. ಕಡಿತ ಚೊಕ್ಕವಾಗುತ್ತದೆ.

ಕರ್ನಾಟಕದ ಹಳೆಯ ಗ್ಯಾರೇಜುಗಳಿಗೆ ಈ ಪಾಠ ಬಾಯಿಪಾಠ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿ ಬೈಕುಗಳನ್ನು ರಿಪೇರಿ ಮಾಡಿದ ಕೈಗಳು ಪಾಯಿಂಟು ಉಜ್ಜಿ, ಕಂಡೆನ್ಸರ್ ಬದಲಿಸಿ, ತೆಳು ಕಾಗದವನ್ನು ಸಂದಿನಲ್ಲಿಟ್ಟು ಅದು ಯಾವಾಗ ಸಡಿಲವಾಗುತ್ತದೆಂದು ನೋಡಿ ಟೈಮಿಂಗ್ ಹಿಡಿಯುತ್ತಿದ್ದವು. ಹವ್ಯಾಸಿಗೂ ಅದೇ ಕಾಗದ ಸಾಕು.

ಪಾಯಿಂಟಿನ ರಗಳೆಯೇ ಬೇಡವೆನ್ನುವವರು ಫ್ಲೈವೀಲಿನಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಮ್ಯಾಗ್ನೆಟ್ ಹುದುಗಿಸಿ, ಎದುರಿಗೆ ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಇಡುತ್ತಾರೆ. ಅದರ ಸನ್ನೆ ಬಂದೊಡನೆ ಸಿಡಿಐ ಸರ್ಕ್ಯೂಟ್, ಸುಮಾರು 300 ವೋಲ್ಟಿಗೆ ತುಂಬಿಟ್ಟ ಕೆಪಾಸಿಟರಿನ ಚಾರ್ಜನ್ನು ಕಾಯಿಲಿಗೆ ಒಮ್ಮೆಲೆ ಸುರಿಯುತ್ತದೆ. ಇಲ್ಲಿ ಮಾತ್ರ ಕಿಡಿ ಹುಟ್ಟುವುದು ಕಡಿತದಿಂದಲ್ಲ, ಸುರಿತದಿಂದ. ಎರಡರಲ್ಲಿ ಯಾವುದನ್ನು ಬಳಸಿದರೂ ಪ್ಲಗ್ಗಿನ ವೈರನ್ನು ತೆರೆದಿಟ್ಟು ಪರೀಕ್ಷಿಸಬಾರದು: ಹಾರಲು ದಾರಿಯಿಲ್ಲದ ವೋಲ್ಟೇಜ್ ಕಾಯಿಲಿನ ಒಳಗಿನ ಇನ್ಸುಲೇಷನ್ನನ್ನೇ ಸೀಳುತ್ತದೆ, ಇಲ್ಲವೇ ಹಿಡಿದವರ ಕೈಗೆ ಹಾರುತ್ತದೆ.

ಹೊರಗಿಟ್ಟ ಪ್ಲಗ್ಗಿನಲ್ಲಿ ನೀಲಿ ಕಿಡಿ ಕಂಡರೂ ಎಂಜಿನ್ ಮೌನವಾಗಿರುವುದುಂಟು. ಹೊರಗಾಳಿಯಲ್ಲಿ ಅರ್ಧ ಮಿಲಿಮೀಟರ್ ಸಂದು ದಾಟಲು ಎರಡು ಮೂರು ಸಾವಿರ ವೋಲ್ಟ್ ಸಾಕು. ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿಯಲ್ಲಿ ಅದರ ಹಲವು ಪಟ್ಟು ಬೇಕು.

ಇನ್ನು ಗಳಿಗೆಯ ಲೆಕ್ಕ. ನಿಮಿಷಕ್ಕೆ 3000 ಸುತ್ತಿನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಮಿಶ್ರಣ ಉರಿಯಲು 2 ಮಿಲಿಸೆಕೆಂಡ್ ಹಿಡಿದರೆ ಅಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ತಿರುಗಿರುತ್ತದೆ. ಅದಕ್ಕೇ ಪಿಸ್ಟನ್ ನೆತ್ತಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು. ನಿಧಾನವಾಗಿ ಕೈಯಲ್ಲಿ ತಿರುಗಿಸುವಾಗ ಅಷ್ಟು ಮುಂಚೆ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆದ್ದರಿಂದ ಅನುಭವಿಗಳು ಪಾಯಿಂಟಿನ ತಟ್ಟೆಗೆ ಉದ್ದ ತೂತು ಕೊರೆದು, ತಡವಾದ ಕಿಡಿಯಲ್ಲಿ ಶುರುಮಾಡುತ್ತಾರೆ. ಎಂಜಿನ್ ಹಿಡಿದುಕೊಂಡ ಮೇಲೆ ತಟ್ಟೆಯನ್ನು ಕೂದಲಷ್ಟು ಕೂದಲಷ್ಟು ಸರಿಸುತ್ತ, ಸದ್ದು ಗಟ್ಟಿಯಾಗಿ ಸಮವಾದ ಕಡೆ ಸ್ಕ್ರೂ ಬಿಗಿಯುತ್ತಾರೆ.